ಚೀಟಿಯಲ್ಲಿ ನಾನು ಬರೆಯದೇ ಬಿಟ್ಟ ತಾರೀಖು

ಶ್ವಾಸಕೋಶದ ಕ್ಯಾನ್ಸರ್ ಮೆದುಳಿಗೆ ಹರಡಿದ್ದ ರೈತರೊಬ್ಬರು ನಮ್ಮ ವಾರ್ಡಿಗೆ ಬಂದಾಗ ಕಣ್ಣು ಬಿಡುವುದೂ ಕಷ್ಟವಾಗಿತ್ತು. ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ. ಸ್ಕ್ಯಾನ್‌ನಲ್ಲಿ ಗಡ್ಡೆ ಚಿಕ್ಕದೇ, ಸುತ್ತಲಿನ ಊತ ಮಾತ್ರ ಜಾಸ್ತಿ. ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದೆ, ದಿನಕ್ಕೆ 8 ಮಿಲಿಗ್ರಾಂ. ಮೂರನೇ ದಿನ ಅವರ ಮಗ ಓಡಿ ಬಂದು, "ಸಾರ್, ಅಪ್ಪ ಇವತ್ತು ಕೇಳಿ ಮುದ್ದೆ ಹಾಕಿಸ್ಕೊಂಡ್ರು" ಅಂದ. ನನಗೂ ಖುಷಿಯಾಯಿತು.

ಈ ಮಾತ್ರೆ ಮೆದುಳಿನ ಗಡ್ಡೆಯನ್ನು ಕರಗಿಸುವುದಿಲ್ಲ. ಅದರ ಸುತ್ತ ರಕ್ತನಾಳಗಳಿಂದ ಸೋರುವ ನೀರನ್ನು ತಡೆಯುತ್ತದೆ, ಅಷ್ಟೇ. ರೇಡಿಯೇಷನ್ ಕೆಲಸ ಮಾಡುವ ತನಕ ಒಂದು ಆಸರೆ. ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ. ಯಾವಾಗ ನಿಲ್ಲಿಸಬೇಕು ಅಂತ ಚೀಟಿಯಲ್ಲೂ ಬರೆಯಲಿಲ್ಲ.

ಎರಡು ತಿಂಗಳಾದ ಮೇಲೆ ಅವರನ್ನು ಎತ್ತಿಕೊಂಡು ಬಂದರು. ಅದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಮಾತ್ರೆ ತರುತ್ತಲೇ ಇದ್ದರು. ಮುಖ ಊದಿ ದುಂಡಗಾಗಿತ್ತು. ನಾಲಿಗೆ ಮೇಲೆ ಬಿಳಿ ಪದರ. ಶುಗರ್ 380. ತೊಡೆ ಸೊರಗಿ, ನೆಲದಿಂದ ಏಳಲು ಆಗುತ್ತಿರಲಿಲ್ಲ. "ಕ್ಯಾನ್ಸರ್ ಕಾಲಿಗೆ ಇಳಿದಿದೆಯಾ ಸಾರ್?" ಅಂತ ಮಗ ಮೆಲ್ಲಗೆ ಕೇಳಿದ. ಇಳಿದಿರಲಿಲ್ಲ. ಕಾಲಿನ ಶಕ್ತಿ ತಿಂದಿದ್ದು ಆ ಮಾತ್ರೆ.

ಒಮ್ಮೆಲೇ ನಿಲ್ಲಿಸುವ ಹಾಗೂ ಇರಲಿಲ್ಲ. ಅಷ್ಟು ದಿನ ಹೊರಗಿನಿಂದ ಸ್ಟಿರಾಯ್ಡ್ ಸಿಕ್ಕರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನೇ ಮರೆತಿರುತ್ತದೆ. ಥಟ್ಟನೆ ಬಿಟ್ಟರೆ ಬಿಪಿ ಕುಸಿಯಬಹುದು. ವಾರ ವಾರ ಡೋಸ್ ಸ್ವಲ್ಪ ಸ್ವಲ್ಪ ಇಳಿಸಿದೆ.

ಈಗ ಮಾತ್ರೆ ಬರೆಯುವ ದಿನವೇ ಇಳಿಸುವ ತಾರೀಖುಗಳನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆಯುತ್ತೇನೆ. ತಿಂಡಿ ಆದ ಮೇಲೆ ಒಂದು, ಮಧ್ಯಾಹ್ನದ ಊಟ ಆದ ಮೇಲೆ ಒಂದು. ರಾತ್ರಿ ಬೇಡ, ನಿದ್ದೆ ಕೆಡುತ್ತದೆ. ಪೆಮೆಟ್ರೆಕ್ಸೆಡ್ ಅನ್ನುವ ಕೀಮೋ ಔಷಧಿ ತಗೊಳ್ಳುವವರಿಗೆ ಮೈಮೇಲೆ ದದ್ದು ಏಳದಿರಲಿ ಅಂತ ಇದೇ ಮಾತ್ರೆ ಕೊಡುವುದು ಮೂರೇ ದಿನ: ಹಿಂದಿನ ದಿನ, ಆ ದಿನ, ಮರುದಿನ.

ಹಾಗಂತ ಸ್ಟಿರಾಯ್ಡ್ ಅಂದರೆ ಹೆದರಿ ದೂರ ಇಡುವುದೂ ತಪ್ಪು. ಇಮ್ಯುನೋಥೆರಪಿಯಿಂದ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆಯಿಂದ, ಶ್ವಾಸಕೋಶದಲ್ಲೇ ಉರಿಯೂತವಾಗಿ ಏದುಸಿರು ಬಂದಾಗ ಜೀವ ಉಳಿಸುವುದು ಸ್ಟಿರಾಯ್ಡೇ. ಆಗ ಪ್ರೆಡ್ನಿಸೋಲೋನ್ ಅನ್ನುವ ಇನ್ನೊಂದು ಸ್ಟಿರಾಯ್ಡ್ ದೊಡ್ಡ ಡೋಸಿನಲ್ಲೇ ಶುರು ಮಾಡುತ್ತೇನೆ, ಇಳಿಸುವುದಕ್ಕೆ ನಾಲ್ಕರಿಂದ ಆರು ವಾರವಾದರೂ ತಗೊಳ್ಳುತ್ತೇನೆ.

ಸ್ಟಿರಾಯ್ಡ್ ಮೇಲಿರುವವರು ಬಂದಾಗಲೆಲ್ಲ ಸ್ಟೂಲಿನ ಮೇಲೆ ಕೂರಿಸಿ, "ಕೈ ಊರದೆ ಎದ್ದೇಳಿ" ಅನ್ನುತ್ತೇನೆ. ತೊಡೆ ಸೋಲುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆ ರೈತರು ಎಷ್ಟೋ ವಾರಗಳ ನಂತರ ಒಂದು ದಿನ ಮಗನ ಹೆಗಲು ಹಿಡಿಯದೆ ಎದ್ದು ನಿಂತರು. ಕಾಲು ನಡುಗುತ್ತಿತ್ತು, ಆದರೂ ನಿಂತಿದ್ದರು.