ಗೆಟ್ಟೋ, ಪೋಸ್ಟೋ, ಪುಟ್ಟೋ? ಮೊದಲು ಇದನ್ನು ಕೇಳಿಕೊಳ್ಳಿ

ಗೆಟ್, ಪೋಸ್ಟ್, ಪುಟ್ ಇವೆಲ್ಲ ಎಚ್‌ಟಿಟಿಪಿ ಮೆಥಡ್‌ಗಳು, ಅಂದರೆ ರಿಕ್ವೆಸ್ಟ್ ಕಳಿಸುವಾಗ ಏನು ಮಾಡಬೇಕು ಅಂತ ಸರ್ವರ್‌ಗೆ ಹೇಳುವ ಪದಗಳು. ವೆಬ್ ಸರ್ವೀಸ್ ಬರೆಯಲು ಕೂತಾಗ ಎಲ್ಲದಕ್ಕೂ ಪೋಸ್ಟ್ ಹಾಕಿ ಕೈ ತೊಳೆದುಕೊಳ್ಳುವವರು ಜಾಸ್ತಿ. ನಾನೂ ಹಾಗೇ ಮಾಡುತ್ತಿದ್ದೆ. ಕೆಲಸವೇನೋ ನಡೆಯುತ್ತದೆ, ನೆಟ್‌ವರ್ಕ್ ಕೈಕೊಡುವ ತನಕ.

ರಿಕ್ವೆಸ್ಟ್ ಸರ್ವರ್ ತಲುಪಿತು, ಕೆಲಸವೂ ಮುಗಿಯಿತು, ಆದರೆ ಉತ್ತರ ಮಾತ್ರ ದಾರಿಯಲ್ಲೇ ಕಳೆದುಹೋಯಿತು ಅಂತಿಟ್ಟುಕೊಳ್ಳಿ. ಕ್ಲೈಂಟ್‌ಗೆ, ಅಂದರೆ ರಿಕ್ವೆಸ್ಟ್ ಕಳಿಸಿದ ಆಪ್ ಅಥವಾ ಬ್ರೌಸರ್‌ಗೆ, ಕಾಣುವುದು ಟೈಮ್‌ಔಟ್ (ಕಾಯುವ ಸಮಯ ಮುಗಿಯಿತು) ಅಷ್ಟೇ. ಈಗ ಅದು ಮತ್ತೆ ಕಳಿಸಬಹುದೋ, ಬಾರದೋ? ಮೆಥಡ್ ಆರಿಸುವಾಗ ಕೇಳಿಕೊಳ್ಳಬೇಕಾದದ್ದು ಇದನ್ನೇ: ಇದೇ ರಿಕ್ವೆಸ್ಟ್ ಎರಡು ಸಲ ಬಂದರೆ ಏನಾಗುತ್ತದೆ?

ಸುಮ್ನೆ ಓದುವುದಾದರೆ ಗೆಟ್. ನೂರು ಸಲ ಕೇಳಿದರೂ ಏನೂ ಬದಲಾಗಬಾರದು, ಏಕೆಂದರೆ ಬ್ರೌಸರ್, ಕ್ಯಾಶ್ (ಮತ್ತೆ ಬೇಕಾದಾಗ ಕೊಡಲು ಉತ್ತರದ ಪ್ರತಿ ಇಟ್ಟುಕೊಳ್ಳುವ ವ್ಯವಸ್ಥೆ), ಸರ್ಚ್ ಬಾಟ್ ಎಲ್ಲವೂ ಇದನ್ನು ನಂಬಿಕೊಂಡೇ ಗೆಟ್ ಕಳಿಸುತ್ತವೆ. 2005ರಲ್ಲಿ ಗೂಗಲ್ ವೆಬ್ ಆಕ್ಸಿಲರೇಟರ್ ಅನ್ನುವ ಟೂಲ್ ಬಂದಿತ್ತು. ಪುಟದಲ್ಲಿರುವ ಲಿಂಕ್‌ಗಳನ್ನು ನೀವು ಒತ್ತುವ ಮೊದಲೇ ತಂದಿಡುವುದು ಅದರ ಕೆಲಸ. ಕೆಲವು ಸೈಟ್‌ಗಳಲ್ಲಿ 'ಅಳಿಸು' ಅನ್ನುವುದೂ ಒಂದು ಮಾಮೂಲಿ ಗೆಟ್ ಲಿಂಕೇ ಆಗಿತ್ತು, ಹಾಗಾಗಿ ಯಾರೂ ಒತ್ತದೆಯೇ ಜನರ ಡೇಟಾ ಅಳಿಸಿಹೋಯಿತು. ಟೂಲನ್ನು ಬೈದವರು ಬಹಳ, ಆದರೆ ತಪ್ಪು ಆ ಲಿಂಕ್ ಬರೆದವರದ್ದು ಅಲ್ವಾ? ಇನ್ನೊಂದು ಮಾತು: ಪಾಸ್‌ವರ್ಡ್, ಟೋಕನ್ (ಲಾಗಿನ್ ಆದದ್ದಕ್ಕೆ ಗುರುತಿನ ಚೀಟಿ) ಯಾವುದನ್ನೂ ಯುಆರ್‌ಎಲ್‌ನಲ್ಲಿ (ವೆಬ್ ವಿಳಾಸದಲ್ಲಿ) ಹಾಕಬೇಡಿ, ಸರ್ವರ್ ಲಾಗ್‌ನಲ್ಲೂ ಬ್ರೌಸರ್ ಹಿಸ್ಟರಿಯಲ್ಲೂ ಉಳಿದುಬಿಡುತ್ತದೆ.

ಹೊಸದನ್ನು ಸೇರಿಸುವಾಗ, ಅದಕ್ಕೆ ಐಡಿ ಕೊಡುವುದು ಸರ್ವರ್ ಆಗಿದ್ದರೆ ಪೋಸ್ಟ್. ಸೇರಿಸಿದ ಮೇಲೆ 201 ('ಸೃಷ್ಟಿಯಾಯಿತು' ಅನ್ನುವ ಸ್ಟೇಟಸ್ ಕೋಡ್) ಕೊಡಿ, ಹೊಸದರ ವಿಳಾಸವನ್ನು ಲೊಕೇಶನ್ ಹೆಡರ್‌ನಲ್ಲಿ (ಉತ್ತರದ ಜೊತೆ ಹೋಗುವ ಮಾಹಿತಿ ಸಾಲು) ಹಾಕಿ. ಆದರೆ ಎರಡು ಸಲ ಹೋದರೆ ಎರಡು ಆರ್ಡರ್! ಹಣದ ವಿಷಯವಾದರೆ ಕ್ಲೈಂಟ್ ಆ ರಿಕ್ವೆಸ್ಟ್‌ಗೆ ಒಂದು ವಿಶಿಷ್ಟ ಕೀ (ಗುರುತು) ಮಾಡಿಕೊಂಡು, ಮರುಪ್ರಯತ್ನದಲ್ಲೂ ಅದನ್ನೇ ಕಳಿಸಲಿ. ಆ ಕೀ ಮೊದಲೇ ಬಂದಿದ್ದರೆ ಸರ್ವರ್ ಹೊಸದಾಗಿ ಏನೂ ಮಾಡದೆ ಹಳೆಯ ಉತ್ತರವನ್ನೇ ಕೊಟ್ಟರಾಯಿತು.

ವಿಳಾಸ ಕ್ಲೈಂಟ್‌ಗೆ ಗೊತ್ತಿದ್ದು, ಇಡೀ ದಾಖಲೆಯನ್ನೇ ಕಳಿಸುತ್ತಿದ್ದರೆ ಪುಟ್. ಎಷ್ಟು ಸಲ ಕಳಿಸಿದರೂ ಕೊನೆಗೆ ಉಳಿಯುವುದು ಅದೇ. ಜನ ಎಡವುವುದು ಇಲ್ಲೇ: ಪುಟ್ ಅಂದರೆ ಪೂರ್ತಿ ಬದಲಿ, ಹೆಸರು ಮಾತ್ರ ಕಳಿಸಿ ಫೋನ್ ನಂಬರ್ ಬಿಟ್ಟರೆ ಆ ನಂಬರ್ ಹೋಯಿತು ಅಂತಲೇ ಲೆಕ್ಕ.

ಒಂದೆರಡು ಫೀಲ್ಡ್ ತಿದ್ದಲು ಪ್ಯಾಚ್ ಇದೆ. ಇದು 2010ರಲ್ಲಿ ಸ್ಟ್ಯಾಂಡರ್ಡ್ ಆದದ್ದು. ಇಲ್ಲಿ ಸ್ವಲ್ಪ ಹುಷಾರಾಗಿರಿ. 'ಸ್ಟಾಕ್ 10 ಮಾಡು' ಅಂದರೆ ಎರಡು ಸಲ ಬಂದರೂ 10, 'ಸ್ಟಾಕಿಗೆ 1 ಸೇರಿಸು' ಅಂದರೆ ಲೆಕ್ಕ ಕೆಡುತ್ತದೆ.

ಡಿಲೀಟ್ ಬಗ್ಗೆ ಹೇಳುವುದು ಕಡಿಮೆ. ಎರಡನೇ ಸಲ 404 ('ಸಿಗಲಿಲ್ಲ') ಬಂದರೆ ಗಾಬರಿಯಾಗಬೇಡಿ, ವಸ್ತು ಹೋಗಿದೆ ತಾನೇ? ಹೆಡ್ ಅಂದರೆ ಉತ್ತರದಲ್ಲಿ ಬಾಡಿ (ಒಳಗಿನ ವಿಷಯ) ಇಲ್ಲದ, ಹೆಡರ್ ಮಾತ್ರ ಬರುವ ಗೆಟ್. ಆಪ್ಶನ್ಸ್ ಅನ್ನು, ಕೆಲವು ರಿಕ್ವೆಸ್ಟ್‌ಗಳು ಬೇರೆ ಡೊಮೈನ್‌ಗೆ ಹೋಗುವ ಮುನ್ನ, ಅನುಮತಿ ಕೇಳಲು ಬ್ರೌಸರೇ ಕಳಿಸಿಕೊಳ್ಳುತ್ತದೆ.

ಹುಡುಕಾಟದ ಫಿಲ್ಟರ್‌ಗಳು ಯುಆರ್‌ಎಲ್‌ನಲ್ಲಿ ಹಿಡಿಸದಷ್ಟು ಉದ್ದವಾದರೆ? ಪೋಸ್ಟ್ ಬಳಸಿ, ಪರವಾಗಿಲ್ಲ. ಕ್ಯಾಶ್ ಮಾತ್ರ ಸಿಗುವುದಿಲ್ಲ ಅಂತ ತಿಳಿದಿರಲಿ.

ನೀವು ಒಪ್ಪದ ಮೆಥಡ್ ಬಂದರೆ 405 ('ಈ ಮೆಥಡ್ ಇಲ್ಲಿ ನಡೆಯದು') ಕೊಟ್ಟು, ಯಾವುದು ನಡೆಯುತ್ತದೆ ಅನ್ನುವುದನ್ನು ಅಲೋ ಹೆಡರ್‌ನಲ್ಲಿ ತಿಳಿಸಿ. 200 ('ಎಲ್ಲ ಸರಿ') ಕೊಟ್ಟು ಒಳಗೆ 'ಎರರ್' ಅಂತ ಬರೆಯಬೇಡಿ, ದಯವಿಟ್ಟು.