ನೋವು ಬೆನ್ನಲ್ಲಿ, ಬಿಗಿತ ತೊಡೆಸಂದಿನಲ್ಲಿ

ಜಿಮ್ನಾಸ್ಟಿಕ್ಸ್ ಕಲಿಯುವ ಮಗು ಸೊಂಟ ಹಿಡಿದುಕೊಂಡು ಮನೆಗೆ ಬಂದರೆ ದೊಡ್ಡವರು ಮೊದಲು ಬೆನ್ನು ನೀವುತ್ತಾರೆ. ಆಮೇಲೆ ಮಗುವನ್ನು ಬಗ್ಗಿಸಿ ಕಾಲ್ಬೆರಳು ಮುಟ್ಟಿಸುತ್ತಾರೆ. ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಮರುದಿನ ನೋವು ಮತ್ತೆ ಹಾಜರ್. ಬಹಳ ಸಲ ಬಿಗಿಯಾಗಿರುವುದು ಬೆನ್ನಲ್ಲ, ತೊಡೆಯ ಮುಂಭಾಗ.

ಸೋವಾಸ್ ಎಂಬ ಸ್ನಾಯು ಸೊಂಟದ ಬೆನ್ನುಮೂಳೆಯಿಂದ ಹೊರಟು ತೊಡೆಮೂಳೆಗೆ ಸೇರುತ್ತದೆ. ಅದು ಬಿಗಿಯಾದರೆ ಬೆನ್ನಿನ ಕೆಳಭಾಗವನ್ನು ಮುಂದಕ್ಕೆ ಜಗ್ಗುತ್ತದೆ, ಅಲ್ಲಿನ ಡೊಂಕು ಜಾಸ್ತಿಯಾಗುತ್ತದೆ. ಮಕ್ಕಳು ಸರ್ರನೆ ಎತ್ತರವಾಗುವ ವಯಸ್ಸಿನಲ್ಲಿ ಈ ತಾಪತ್ರಯ ಹೆಚ್ಚು.

1. ಮೊದಲು ವೈದ್ಯರು. ಹಿಂದಕ್ಕೆ ಬಾಗಿದಾಗ ಒಂದೇ ಜಾಗದಲ್ಲಿ ಚುಚ್ಚುವ ನೋವು, ನಿದ್ದೆಯಿಂದ ಎಬ್ಬಿಸುವ ನೋವು, ಕಾಲು ಜೋಮು, ಜ್ವರ ಇದ್ದರೆ ಮನೆಮದ್ದು ಬೇಡ. ಎರಡು ವಾರ ಕಳೆದರೂ ನೋವು ಹೋಗದಿದ್ದರೂ ಅಷ್ಟೇ. ಮೂತ್ರದ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಪದೇ ಪದೇ ಹಿಂದಕ್ಕೆ ಬಾಗುವ ಮಕ್ಕಳ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಬಿಡುವುದುಂಟು. ಶುರುವಿನಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು.

2. ಬ್ರಿಡ್ಜ್ (ಹಿಂದಕ್ಕೆ ಬಾಗಿ ಕೈಕಾಲು ನೆಲಕ್ಕೂರಿ ಕಮಾನಾಗುವುದು), ವಾಕೋವರ್ (ಹಾಗೇ ಕೈಯೂರಿ ಒಂದೊಂದೇ ಕಾಲನ್ನು ತಲೆಯ ಮೇಲಿಂದ ದಾಟಿಸುವುದು) ಸದ್ಯಕ್ಕೆ ಬಂದ್. ಹಾಗಂತ ಹಾಸಿಗೆಯಲ್ಲಿ ಮಲಗಿಸಬೇಡಿ, ಓಡಾಡಲಿ.

3. ಬಿಗಿತ ಎಲ್ಲಿದೆ ಅಂತ ನೋಡಿ. ಮಂಚದ ಅಂಚಿಗೆ ಕೂರಿಸಿ, ಹಾಗೇ ಹಿಂದಕ್ಕೆ ಮಲಗಿಸಿ. ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಳ್ಳಲಿ, ಇನ್ನೊಂದು ಕಾಲು ಜೋತು ಬೀಳಲಿ. ಜೋತ ಕಾಲಿನ ತೊಡೆ ಮಂಚಕ್ಕಿಂತ ಮೇಲೇ ನಿಂತರೆ ತೊಡೆಸಂದು ಬಿಗಿ.

4. ಎಲ್ಲರೂ ಎಡವುವುದು ಈ ಸ್ಟ್ರೆಚ್‌ನಲ್ಲಿ. ಬಲಮಂಡಿಯ ಕೆಳಗೆ ದಿಂಬಿಟ್ಟು ನೆಲಕ್ಕೆ ಊರಿಸಿ. ಎಡಪಾದ ಮುಂದಿರಲಿ, ಎರಡೂ ಮಂಡಿ 90 ಡಿಗ್ರಿ ಮಡಿಚಿರಲಿ. ಈಗ ಮುಂದಕ್ಕೆ ಹೋಗಬೇಡಿ! ಮೊದಲು ಹೆದರಿದ ನಾಯಿ ಬಾಲ ಮುದುರಿಕೊಂಡ ಹಾಗೆ ಸೊಂಟವನ್ನು ಒಳಕ್ಕೆ ಮಡಿಚಲು ಹೇಳಿ. ಮಕ್ಕಳಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ. ಬಲಗಡೆಯ ಪೃಷ್ಠವನ್ನು ಗಟ್ಟಿಯಾಗಿ ಬಿಗಿಹಿಡಿಯಬೇಕು. ಅಷ್ಟಕ್ಕೇ ಬಲತೊಡೆಯ ಮುಂದೆ ಎಳೆತ ಶುರುವಾಗುತ್ತದೆ. ಆಮೇಲೆ ಇಡೀ ಮೈ ಎರಡೇ ಎರಡು ಇಂಚು ಮುಂದಕ್ಕೆ ಸರಿದರೆ ಸಾಕು.

ಜಿಮ್ನಾಸ್ಟ್‌ಗಳಿಗೆ ಎರಡಿಂಚು ಅವಮಾನ! ಸೀದಾ, ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ನೆಲಕ್ಕೆ ಚಾಚುವ ಸ್ಪ್ಲಿಟ್‌ವರೆಗೂ ಜಾರುತ್ತಾರೆ, ನೋಡುವವರು ಭಲೇ ಅನ್ನುತ್ತಾರೆ. ಆದರೆ ಅಲ್ಲಿ ಬಾಗುತ್ತಿರುವುದು ನೋಯುವ ಬೆನ್ನೇ ಅಲ್ವಾ? ಅದಕ್ಕೇ ನಿಮ್ಮ ಅಂಗೈಯನ್ನು ಮಗುವಿನ ಸೊಂಟದ ಹಿಂದೆ ಇಟ್ಟಿರಿ. ಅಲ್ಲಿನ ಗುಳಿ ಆಳವಾದರೆ ವಾಪಸ್ ಬಂದು ಮೊದಲಿಂದ ಶುರು ಮಾಡಿ. ಎಳೆತ ತೊಡೆಯ ಮುಂದೆಯೇ ಗೊತ್ತಾಗಬೇಕು. ಬೆನ್ನಲ್ಲಿ ನೋವು ಬಂದರೆ ನಿಲ್ಲಿಸಿ. 30 ಸೆಕೆಂಡು ಹಿಡಿದು, ಒಂದೊಂದು ಕಡೆ ಮೂರು ಸಲ. ಕುಪ್ಪಳಿಸುವುದು ಬೇಡ. ಮೇಲಿಂದ ಒತ್ತಿ ಕೂರಿಸುವ ಕೋಚ್ ಅಂತೂ ಬೇಡವೇ ಬೇಡ.

ಉರಿಯುವ ಮುಲಾಮು ಚರ್ಮಕ್ಕೆ ಬಿಸಿ ಅನಿಸುತ್ತದೆ, ಅಷ್ಟೇ. ಅದರ ಬದಲು ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡುವುದೇ ನನಗಿಷ್ಟ. ಮಸಾಜ್ ಗನ್ ಬೆನ್ನುಮೂಳೆಯ ಹತ್ತಿರ ತರಬೇಡಿ. ನೋವಿನ ಮಾತ್ರೆ ನುಂಗಿಸಿ ಅಭ್ಯಾಸಕ್ಕೆ ಕಳಿಸುವುದು ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ. ನಿಲ್ಲು ಅಂತ ಮೈ ಹೇಳುವುದೇ ಕೇಳಿಸದ ಹಾಗಾಗುತ್ತದೆ.

5. ತೊಡೆಯ ಹಿಂಭಾಗಕ್ಕೆ: ಮಲಗಿ, ಪಾದಕ್ಕೆ ಟವೆಲ್ ಹಾಕಿ ಕಾಲನ್ನು ಮೇಲಕ್ಕೆ ಎಳೆಯುವುದು.

6. ಬಲ ಬರಲು: ಅಂಗಾತ ಮಲಗಿ ಮಂಡಿ ಮಡಿಚಿ, ಬೆನ್ನು ಡೊಂಕಾಗದಂತೆ ಪೃಷ್ಠ ಎತ್ತುವುದು. 10 ಸಲ, ದಿನ ಬಿಟ್ಟು ದಿನ. ಮಕ್ಕಳಿಗೆ ಬೇಜಾರಿನ ಕೆಲಸ, ಆದರೂ ಬಿಡಬೇಡಿ.

7. ದಿನವಿಡೀ ನೋವಿಲ್ಲದೆ ಓಡಾಡಿದ ಮೇಲೆ, ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಕೊಂಡು ಬ್ರಿಡ್ಜ್‌ಗೆ ಮರಳಲಿ. ಮೊದಲು ಪಾದಗಳನ್ನು ಎತ್ತರದ ಮ್ಯಾಟ್ ಮೇಲೆ ಇಟ್ಟು ಮಾಡಿಸಿ. ಬದಿಯಿಂದ ನೋಡಿ: ಭುಜ ಅಂಗೈಯ ನೇರಕ್ಕೆ ಬರದೆ ಪಾದದ ಕಡೆಗೇ ಉಳಿದಿದ್ದರೆ ಭುಜ ತೆರೆದುಕೊಂಡಿಲ್ಲ, ಆ ಭಾರವೂ ಸೊಂಟಕ್ಕೇ ಬೀಳುತ್ತಿದೆ. ಆಗ ಬ್ರಿಡ್ಜ್ ಬಿಟ್ಟು ಭುಜದ ಬಿಗಿತ ಬಿಡಿಸುವ ಕೆಲಸ ಮೊದಲು.