ಹಿಂದೆ ಬರೆದ ಇಸವಿ ನಂಬಿ ಕೆಟ್ಟೆ

ಫ್ರಾನ್ಸಿನ ಲಿಯಾನ್‌ನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕಪ್ಪು ಬಿಳುಪು ಫೋಟೋ ಕೊಂಡೆ. ಸಾಲಾಗಿ ನಿಂತ ಸೈಕಲ್ ತಂಡ, ಹಿಂದೆ ಪೆನ್ಸಿಲ್‌ನಲ್ಲಿ 1963. ಜರ್ಸಿ ಮೇಲೆ ಚೌಕಳಿ ಪಟ್ಟಿ ಇತ್ತು, ಹಾಗಾಗಿ ಫ್ರಾನ್ಸಿನ ಪ್ಯೂಜೊ ಸೈಕಲ್ ರೇಸ್ ತಂಡ ಅನ್ನೋದು ಸುಲಭವಾಗಿ ತಿಳಿಯಿತು. ಆದರೆ ಆ ಚೌಕಳಿ ಎಷ್ಟೋ ವರ್ಷ ನಡೆಯಿತಲ್ಲ, ಅದರಿಂದ ಇಸವಿ ಹೇಗೆ ಗೊತ್ತಾಗಬೇಕು? ಎರಡು ವಾರ ಸುಮ್ನೆ ಎದೆ ಮೇಲಿನ ಅಕ್ಷರ ನೋಡುತ್ತಾ ಕೂತೆ. ಬಿಪಿ ಅಂತಿತ್ತು, ತಂಡದ ಪ್ರಾಯೋಜಕ ತೈಲ ಕಂಪನಿಯ ಹೆಸರು. 1976ರಿಂದ ಆ ಜಾಗಕ್ಕೆ ಎಸ್ಸೊ ಅನ್ನೋ ಇನ್ನೊಂದು ತೈಲ ಕಂಪನಿ ಬಂತು, ಹಾಗಾಗಿ ಫೋಟೋ ಅದಕ್ಕೂ ಹಿಂದಿನದು ಅಂತಷ್ಟೇ ಗೊತ್ತಾಗಿದ್ದು.

ಕೊನೆಗೆ ಭೂತಗನ್ನಡಿ ಹಿಡಿದಾಗ ಒಬ್ಬನ ಜರ್ಸಿ ಮಾತ್ರ ಬೇರೆ ಕಂಡಿತು. ಬಿಳಿ ಬಟ್ಟೆ, ಎದೆಗೆ ಅಡ್ಡ ಪಟ್ಟಿಗಳು. ವಿಶ್ವ ಚಾಂಪಿಯನ್ ಜರ್ಸಿ! ಅದು ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್. ಅವರು ಗೆದ್ದದ್ದು 1965ರ ಸೆಪ್ಟೆಂಬರ್‌ನಲ್ಲಿ, 1966ರ ಆಗಸ್ಟ್ ಕೊನೆಗೆ ಆ ಪಟ್ಟ, ಜೊತೆಗೆ ಆ ಜರ್ಸಿ, ಜರ್ಮನಿಯ ರೂಡಿ ಆಲ್ಟಿಗ್ ಪಾಲಾಯಿತು. ತುದಿಯಲ್ಲಿ ನಿಂತಿದ್ದ ಎಳೆ ಮುಖದ ಹುಡುಗ ಬೆಲ್ಜಿಯಂನ ಸೈಕಲ್ ಪಟು ಎಡ್ಡಿ ಮೆರ್ಕ್ಸ್ ಅಲ್ವಾ, ಅವನು ಈ ತಂಡಕ್ಕೆ ಬಂದದ್ದೇ 1966ರಲ್ಲಿ.

ಅಂದರೆ 1966ರ ಮೊದಲ ಎಂಟು ತಿಂಗಳಲ್ಲಿ ತೆಗೆದ ಫೋಟೋ. ಪೆನ್ಸಿಲ್ ಬರಹ ಹಾಗೇ ಬಿಟ್ಟಿದ್ದೇನೆ, ಪಕ್ಕದಲ್ಲಿ ಒಂದು ಚೀಟಿ ಇಟ್ಟೆ.